ಅಮೆರಿಕದ ಸ್ಕೂಲ್ ಡಿಸ್ಟ್ರಿಕ್ಟ್‌ಗಳ ಸ್ಪೆಷಲ್ ಎಜುಕೇಶನ್ ಆಫೀಸು: ಸೇವೆ ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು

ಅಮೆರಿಕದಲ್ಲಿ ಬಾಡಿಗೆ ಮನೆ ಹುಡುಕುವಾಗ ನಮ್ಮವರು ಮೊದಲು ನೋಡುವುದು ಶಾಲೆಯ ರೇಟಿಂಗ್. ಹತ್ತಕ್ಕೆ ಒಂಬತ್ತು ಇದ್ದರೆ ಮುಂಗಡ ಕೊಟ್ಟೇಬಿಡುತ್ತಾರೆ. ಆದರೆ ಮಗುವಿಗೆ ಆಟಿಸಂ, ಮಾತು ತಡ, ಓದು-ಬರಹದ ತೊಡಕು, ಕಿವಿಯ ತೊಂದರೆ ಇರುವ ಮನೆಗೆ ಆ ರೇಟಿಂಗ್‌ನಿಂದ ತಿಳಿಯುವುದು ಬಹಳ ಕಡಿಮೆ; ಅದು ಹೆಚ್ಚಾಗಿ ಉಳಿದ ಮಕ್ಕಳ ಪರೀಕ್ಷೆಯ ಅಂಕಗಳ ಲೆಕ್ಕ. ಅಂಥ ಮಗುವಿನ ವರ್ಷ ಹೇಗೆ ಸಾಗಬೇಕೆಂದು ತೀರ್ಮಾನವಾಗುವ ಜಾಗ ಶಾಲೆಯಿಂದ ಆಚೆ, ಡಿಸ್ಟ್ರಿಕ್ಟ್ ಆಫೀಸಿನ ಸ್ಪೆಷಲ್ ಎಜುಕೇಶನ್ ವಿಭಾಗದಲ್ಲಿದೆ. ಡಿಸ್ಟ್ರಿಕ್ಟ್ ಅಂದರೆ ಇಲ್ಲಿ ಜಿಲ್ಲೆಯಲ್ಲ, ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ. ಆ ವಿಭಾಗದಲ್ಲಿ ಒಬ್ಬ ಡೈರೆಕ್ಟರ್, ಅವರ ಕೈಕೆಳಗೆ ಕೋಆರ್ಡಿನೇಟರ್‌ಗಳು, ಪ್ರೋಗ್ರಾಂ ಸ್ಪೆಷಲಿಸ್ಟ್‌ಗಳು ಇರುತ್ತಾರೆ. ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಆ ಆಫೀಸಿನ ಸೇವೆಯನ್ನು. ಒಂದು ಡಿಸ್ಟ್ರಿಕ್ಟ್‌ಗೆ ನಕ್ಷತ್ರ ಕೊಟ್ಟು ಮುಗಿಸಿದರೆ ಇನ್ನೊಂದು ಊರಿನವರಿಗೆ ಪ್ರಯೋಜನವಿಲ್ಲ. ತೆಂಗಿನಕಾಯಿ ತಟ್ಟಿ ನೋಡುವ ಹಾಗೆ ಯಾವ ಡಿಸ್ಟ್ರಿಕ್ಟನ್ನಾದರೂ ತಟ್ಟಿ ನೋಡಲು ಬರಬೇಕು. ಉದಾಹರಣೆಗಳು ಕನ್ನಡದ ಮನೆಗಳು ಸಾಕಷ್ಟಿರುವ ಕ್ಯಾಲಿಫೋರ್ನಿಯಾ, ಟೆಕ್ಸಸ್, ನ್ಯೂಜೆರ್ಸಿಯವು.

ಮೊದಲು ಗಟ್ಟಿಯಾದ ಭಾಗ. 1975ರಲ್ಲಿ ಬಂದು, 1990ರಲ್ಲಿ ‘ಐಡಿಇಎ’ ಎಂದು ಹೆಸರು ಬದಲಿಸಿಕೊಂಡು, 2004ರಲ್ಲಿ ದೊಡ್ಡ ತಿದ್ದುಪಡಿ ಕಂಡ ಕೇಂದ್ರ ಕಾನೂನೇ ಈ ಸೇವೆಯ ಬುನಾದಿ. ವಿಶೇಷ ಶಿಕ್ಷಣ ಬೇಕಾದ 3ರಿಂದ 21 ವರ್ಷದ ಮಗುವಿಗೆ ತಕ್ಕ ಶಿಕ್ಷಣವನ್ನು ಉಚಿತವಾಗಿ ಕೊಡುವುದು ಡಿಸ್ಟ್ರಿಕ್ಟ್‌ನ ಹೊಣೆ. ಸ್ಪೀಚ್ ಥೆರಪಿ, ಆಕ್ಯುಪೇಶನಲ್ ಥೆರಪಿ (ಬರೆಯುವುದು, ಗುಂಡಿ ಹಾಕುವುದು ಮುಂತಾದ ದಿನನಿತ್ಯದ ಕೆಲಸ ಕಲಿಸುವುದು), ವಿಶೇಷ ಬಸ್ಸು, ತರಗತಿಯಲ್ಲಿ ಪಕ್ಕದಲ್ಲಿ ಕೂರುವ ಸಹಾಯಕರು, ಮಾತನಾಡುವ ಟ್ಯಾಬ್ಲೆಟ್ ಇವೆಲ್ಲ ಅಗತ್ಯವೆಂದು ತೀರ್ಮಾನವಾದರೆ ಮನೆಯವರು ಒಂದು ಡಾಲರ್ ಕೊಡಬೇಕಿಲ್ಲ. ವೀಸಾ ಯಾವುದೆಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಎಚ್-4ನಲ್ಲಿ ನಿನ್ನೆ ಬಂದಿಳಿದ ಮಗುವಿಗೂ ಅಲ್ಲೇ ಹುಟ್ಟಿದ ಮಗುವಿಗೂ ಒಂದೇ ಹಕ್ಕು. ‘ಕೇಳಿದರೆ ಗ್ರೀನ್ ಕಾರ್ಡಿಗೆ ತೊಂದರೆಯಾಗುತ್ತದೆ’ ಎಂದು ಹೆದರಿ ಒಂದೆರಡು ವರ್ಷ ಸುಮ್ಮನಿರುವ ಮನೆಗಳಿವೆ. ಆ ಹೆದರಿಕೆಗೆ ಆಧಾರವಿಲ್ಲ, ಕಳೆದುಹೋಗುವುದು ಮಾತ್ರ ಮಗುವಿನ ಅತಿ ಮುಖ್ಯವಾದ ವರ್ಷಗಳು. ದೇಶದ ಸರ್ಕಾರಿ ಶಾಲೆಗಳಲ್ಲಿ ಸುಮಾರು 75 ಲಕ್ಷ ಮಕ್ಕಳು ಈ ಕಾನೂನಿನಡಿ ಸೇವೆ ಪಡೆಯುತ್ತಿದ್ದಾರೆ, ಅಂದರೆ ಶೇ. 15ರಷ್ಟು. ಆರೇಳು ಮಕ್ಕಳಲ್ಲಿ ಒಬ್ಬರಿಗೆ ಸಿಗುತ್ತಿರುವ ಸೇವೆ ಇದು, ಮುಚ್ಚಿಡುವಂಥದ್ದೇನೂ ಇಲ್ಲ.

ಹೆಸರುಗಳು ಮಾತ್ರ ರಾಜ್ಯಕ್ಕೊಂದು. ಮಗುವಿಗೆ ಏನು ಕೊಡಬೇಕೆಂದು ಬರೆಯುವ ಕಾಗದಕ್ಕೆ ಎಲ್ಲ ಕಡೆಯೂ ಐಇಪಿ ಎನ್ನುತ್ತಾರೆ. ಅದನ್ನು ತಯಾರಿಸುವ ಸಭೆಗೆ ಕ್ಯಾಲಿಫೋರ್ನಿಯಾದಲ್ಲಿ ಐಇಪಿ ಮೀಟಿಂಗ್, ಟೆಕ್ಸಸ್‌ನಲ್ಲಿ ಎಆರ್‌ಡಿ ಮೀಟಿಂಗ್, ನ್ಯೂಯಾರ್ಕಿನಲ್ಲಿ ಸಿಎಸ್‌ಇ ಮೀಟಿಂಗ್. ನ್ಯೂಜೆರ್ಸಿಯಲ್ಲಿ ಮಗುವನ್ನು ಪರೀಕ್ಷಿಸುವ ಗುಂಪಿಗೆ ಚೈಲ್ಡ್ ಸ್ಟಡಿ ಟೀಮ್ ಎಂದು ಹೆಸರು. ಎಲ್ಲ ಕಡೆಯೂ ಮೇಲ್ವಿಚಾರಣೆ ಅದೇ ಆಫೀಸಿನದು. ಯಾವ ಶಾಲೆಗೆ ಎಷ್ಟು ಥೆರಪಿಸ್ಟ್‌ಗಳು, ಆಟಿಸಂ ತರಗತಿ ಯಾವ ಶಾಲೆಯಲ್ಲಿ, ಯಾರಿಗೆ ಬಸ್ಸು, ಹೊರಗಿನ ಏಜೆನ್ಸಿಗೆ ಎಷ್ಟು ಕಾಂಟ್ರಾಕ್ಟ್, ದೂರು ಬಂದರೆ ಉತ್ತರ ಯಾರದ್ದು, ಇದೆಲ್ಲ ಡೈರೆಕ್ಟರ್ ಮೇಜಿನ ಮೇಲೆ. ಟೀಚರ್ ಎಷ್ಟೇ ಒಳ್ಳೆಯವರಿದ್ದರೂ ಇಲ್ಲದ ಥೆರಪಿಸ್ಟನ್ನು ಅವರು ತಂದುಕೊಡಲಾರರು.

ದುಡ್ಡಿನ ವಿಷಯವನ್ನೂ ಹೇಳಬೇಕು. ಒಂದು ಮಗುವಿನ ಶಿಕ್ಷಣಕ್ಕೆ ಆಗುವ ಸರಾಸರಿ ವೆಚ್ಚದ ಶೇ. 40ರವರೆಗೆ ಕೇಂದ್ರ ಕೊಡುತ್ತದೆ ಎಂದು 1975ರಲ್ಲೇ ಕಾನೂನಿನಲ್ಲಿ ಬರೆದರು. ಆ ಮಟ್ಟ ಒಂದು ವರ್ಷವೂ ಮುಟ್ಟಿಲ್ಲ. ಉಳಿದದ್ದನ್ನು ರಾಜ್ಯ ಮತ್ತು ಸ್ಥಳೀಯ ತೆರಿಗೆಯೇ ತುಂಬಬೇಕು. ಮೀಟಿಂಗಿನಲ್ಲಿ ‘ಬಜೆಟ್ ಇಲ್ಲ’ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಯಾಕೆಂದರೆ ದುಡ್ಡಿಲ್ಲವೆಂಬ ಕಾರಣಕ್ಕೆ ಅಗತ್ಯ ಸೇವೆಯನ್ನು ನಿರಾಕರಿಸುವ ಹಾಗಿಲ್ಲ. ಅದರ ಬದಲು ‘ಈಗ ಅವನಿಗೆ ಇದರ ಅಗತ್ಯ ಕಾಣುತ್ತಿಲ್ಲ’ ಎಂಬ ಮಾತು ಬರುತ್ತದೆ. ಆ ಮಾತಿನ ಹಿಂದೆ ಪರೀಕ್ಷೆಯ ಅಂಕಿಗಳಿವೆಯೋ ಬರೀ ಬಾಯಿಮಾತೋ ಎಂದು ಕೇಳಿ ತಿಳಿದುಕೊಳ್ಳುವುದೇ ಮುಂದಿನ ಎಲ್ಲ ಕೆಲಸದ ತಿರುಳು.

ಮೇಜಿನ ಆ ಒಂದು ಕುರ್ಚಿ

ಐಇಪಿ ಮೀಟಿಂಗಿನಲ್ಲಿ ತಂದೆತಾಯಿ, ತರಗತಿಯ ಟೀಚರ್, ವಿಶೇಷ ಶಿಕ್ಷಣದ ಟೀಚರ್, ಪರೀಕ್ಷೆಯ ಫಲಿತಾಂಶ ವಿವರಿಸುವವರು ಇರುತ್ತಾರೆ. ಜೊತೆಗೆ ಡಿಸ್ಟ್ರಿಕ್ಟ್‌ನ ಪರವಾಗಿ ಒಬ್ಬರು ಕೂತಿರಲೇಬೇಕು. ಕಾನೂನು ಅವರಿಗೆ ಮೂರು ಅರ್ಹತೆ ಹೇಳುತ್ತದೆ: ವಿಶೇಷ ಶಿಕ್ಷಣ ಕೊಡಲು ಅಥವಾ ಅದರ ಮೇಲ್ವಿಚಾರಣೆ ಮಾಡಲು ತಕ್ಕವರಾಗಿರಬೇಕು, ಸಾಮಾನ್ಯ ಪಠ್ಯಕ್ರಮ ಗೊತ್ತಿರಬೇಕು, ಡಿಸ್ಟ್ರಿಕ್ಟ್ ಬಳಿ ಏನೇನು ಸೌಲಭ್ಯವಿದೆ ಎಂಬುದು ತಿಳಿದಿರಬೇಕು. ಕೇಂದ್ರ ಶಿಕ್ಷಣ ಇಲಾಖೆಯ ವಿವರಣೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸೌಲಭ್ಯ ಕೊಡುತ್ತೇವೆಂದು ಅಲ್ಲೇ ಒಪ್ಪುವ ಅಧಿಕಾರ ಅವರಿಗಿರಬೇಕು ಎನ್ನುತ್ತದೆ. ಡೈರೆಕ್ಟರ್ ಪ್ರತಿ ಸಭೆಗೂ ಬರಲಾರರು. ಹಾಗಾಗಿ ಈ ಕುರ್ಚಿಯಲ್ಲಿ ಪ್ರಿನ್ಸಿಪಾಲರೋ ಅಸಿಸ್ಟೆಂಟ್ ಪ್ರಿನ್ಸಿಪಾಲರೋ ಪ್ರೋಗ್ರಾಂ ಸ್ಪೆಷಲಿಸ್ಟೋ ಕೂತಿರುತ್ತಾರೆ.

ಒಂದು ಡಿಸ್ಟ್ರಿಕ್ಟ್‌ನ ಗುಣಮಟ್ಟ ಈ ಕುರ್ಚಿಯಲ್ಲಿ ಕಂಡಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣದು. ಒಳ್ಳೆಯ ಕಡೆ ಆ ವ್ಯಕ್ತಿ ರಿಪೋರ್ಟ್ ಓದಿಕೊಂಡು ಬಂದಿರುತ್ತಾರೆ, ‘ವಾರಕ್ಕೆ ಎರಡು ಸಲ ಸ್ಪೀಚ್ ಕೊಡೋಣ’ ಎಂದು ತಂಡ ಹೇಳಿದರೆ ಅಲ್ಲೇ ಬರೆಸುತ್ತಾರೆ. ಕೆಟ್ಟ ಕಡೆ ಮುಕ್ಕಾಲು ಗಂಟೆ ತಲೆಯಾಡಿಸಿ, ಕೊನೆಗೆ ‘ಡಿಸ್ಟ್ರಿಕ್ಟ್ ಆಫೀಸನ್ನು ಕೇಳಿ ಹೇಳುತ್ತೇವೆ’ ಎನ್ನುತ್ತಾರೆ. ಅಂದರೆ ತೀರ್ಮಾನ ಮಾಡುವವರು ಕೋಣೆಯಲ್ಲೇ ಇಲ್ಲ. ಇನ್ನೂ ಕೆಟ್ಟದ್ದೆಂದರೆ ಸಭೆಗೆ ಮೊದಲೇ ಎಲ್ಲ ತೀರ್ಮಾನ ಮಾಡಿಕೊಂಡು ಬಂದು ಪ್ರಿಂಟ್ ಹಾಕಿದ ಹಾಳೆಗೆ ಸಹಿ ಕೇಳುವುದು. ಕರಡು ತಯಾರಿಸಿಕೊಂಡು ಬರುವುದು ತಪ್ಪಲ್ಲ. ಕರಡನ್ನು ಬದಲಿಸಲು ಒಪ್ಪದಿದ್ದರೆ ಅದು ಕಾನೂನಿನ ಉಲ್ಲಂಘನೆ. ಇದಕ್ಕೆ ಮದ್ದು ಸರಳ. ಮೀಟಿಂಗಿನ ನೋಟಿಸ್‌ನಲ್ಲಿ ಯಾರು ಬರುತ್ತಾರೆಂದು ಬರೆದಿರುತ್ತದೆ. ‘ಡಿಸ್ಟ್ರಿಕ್ಟ್ ಪ್ರತಿನಿಧಿಯಾಗಿ ಬರುವವರಿಗೆ ಸೇವೆ ಒಪ್ಪುವ ಅಧಿಕಾರವಿದೆಯೇ?’ ಎಂದು ವಾರ ಮೊದಲೇ ಈಮೇಲಿನಲ್ಲಿ ಕೇಳಿ. ಕರಡು ಮತ್ತು ರಿಪೋರ್ಟ್‌ಗಳನ್ನು ಮುಂಚೆಯೇ ಕಳಿಸಲು ಹೇಳಿ. ಕ್ಯಾಲಿಫೋರ್ನಿಯಾದಲ್ಲಾದರೆ 24 ಗಂಟೆ ಮೊದಲು ತಿಳಿಸಿ ಸಭೆಯ ಆಡಿಯೋ ರೆಕಾರ್ಡ್ ಮಾಡಿಕೊಳ್ಳಬಹುದು.

ಪ್ರವೇಶದ ಬಾಗಿಲು: ಬರೆದು ಕೇಳುವುದು

ಈ ಸೇವೆಯ ಅತಿ ಕಳಪೆ ಭಾಗ ಬಾಗಿಲಲ್ಲೇ ಇದೆ. ತೊಂದರೆ ಇರಬಹುದಾದ ಮಕ್ಕಳನ್ನು ಡಿಸ್ಟ್ರಿಕ್ಟ್ ತಾನಾಗಿಯೇ ಹುಡುಕಬೇಕು ಎಂದು ಕಾನೂನಿದೆ. ವಾಸ್ತವದಲ್ಲಿ ತಂದೆತಾಯಿ ಕೇಳದ ಹೊರತು ಬಹಳ ಕಡೆ ಏನೂ ಆಗುವುದಿಲ್ಲ. ಕೇಳಿದಾಗಲೂ ‘ಇನ್ನೂ ಚಿಕ್ಕವನು’, ‘ಮನೆಯಲ್ಲಿ ಎರಡು ಭಾಷೆ ಅಲ್ಲವೇ, ಅದಕ್ಕೆ’, ‘ಮೊದಲು ಆರೆಂಟು ವಾರ ಎಕ್ಸ್‌ಟ್ರಾ ಸಪೋರ್ಟ್ ಕೊಟ್ಟು ನೋಡೋಣ’ ಎಂಬ ಮೂರು ಉತ್ತರಗಳಲ್ಲಿ ಒಂದು ಸಿಗುತ್ತದೆ. ಎಕ್ಸ್‌ಟ್ರಾ ಸಪೋರ್ಟ್ ಕೊಡಲಿ, ಒಳ್ಳೆಯದೇ. ಆದರೆ ಅದನ್ನೇ ನೆಪ ಮಾಡಿ ಪರೀಕ್ಷೆಯನ್ನು ತಡ ಮಾಡುವಂತಿಲ್ಲ ಎಂದು ಕೇಂದ್ರ ಇಲಾಖೆ 2011ರ ಜನವರಿಯಲ್ಲೇ ರಾಜ್ಯಗಳಿಗೆ ಬರೆದು ತಿಳಿಸಿದೆ.

ಬಾಗಿಲು ಮುಚ್ಚುವುದು ಮೇಲಿನವರ ನೀತಿಯೇ ಆದರೆ ಏನಾಗುತ್ತದೆ ಎಂಬುದಕ್ಕೆ ಟೆಕ್ಸಸ್ ಸಾಕ್ಷಿ. ಅಲ್ಲಿ ರಾಜ್ಯದ ಶಿಕ್ಷಣ ಇಲಾಖೆಯೇ ವರ್ಷಗಟ್ಟಲೆ ಒಟ್ಟು ಮಕ್ಕಳಲ್ಲಿ ಶೇ. 8.5 ಎಂಬ ಗುರಿ ಇಟ್ಟು, ಅದಕ್ಕಿಂತ ಹೆಚ್ಚು ಮಕ್ಕಳಿಗೆ ಸೇವೆ ಕೊಟ್ಟ ಡಿಸ್ಟ್ರಿಕ್ಟ್‌ಗಳ ಮೇಲೆ ಕಣ್ಣಿಟ್ಟಿತ್ತು. 2016ರಲ್ಲಿ ಒಂದು ಪತ್ರಿಕೆಯ ತನಿಖೆ ಇದನ್ನು ಬಯಲಿಗೆಳೆಯಿತು. ಕಾನೂನಿನ ಉಲ್ಲಂಘನೆಯಾಗಿದೆ ಎಂದು 2018ರ ಜನವರಿಯಲ್ಲಿ ಕೇಂದ್ರ ಇಲಾಖೆ ತೀರ್ಮಾನಿಸಿತು. ಅಷ್ಟು ವರ್ಷ ‘ನಿಮ್ಮ ಮಗುವಿಗೆ ಅರ್ಹತೆ ಇಲ್ಲ’ ಎಂದು ಕೇಳಿಸಿಕೊಂಡು ಮನೆಗೆ ಹೋದವರಿಗೆ, ಆ ಉತ್ತರದ ಹಿಂದೆ ಇಂಥದೊಂದು ಅಂಕಿ ಇದ್ದಿರಬಹುದು ಎಂಬ ಸುಳಿವೇ ಇರಲಿಲ್ಲ. ಡೈರೆಕ್ಟರ್ ಎಂಬ ಹುದ್ದೆ ಮಗುವಿನ ಪರ ನಿಲ್ಲಬೇಕೋ ಅಂಕಿಯ ಪರ ನಿಲ್ಲಬೇಕೋ ಎಂಬ ಪ್ರಶ್ನೆ ಎಷ್ಟು ನಿಜವಾದದ್ದು ಎಂದು ತಿಳಿಯಲು ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಬಾಯಲ್ಲಿ ಕೇಳಿದ್ದಕ್ಕೆ ಗಡುವಿನ ಗಡಿಯಾರ ಓಡುವುದು ಅನುಮಾನ. ಬರೆದು ಕೇಳಿದರೆ ಓಡಲೇಬೇಕು. ಪತ್ರ ನಾಲ್ಕು ಸಾಲಿನದಾದರೆ ಸಾಕು: ಮಗುವಿನ ಹೆಸರು, ಹುಟ್ಟಿದ ದಿನ, ಶಾಲೆ; ‘ವಿಶೇಷ ಶಿಕ್ಷಣಕ್ಕಾಗಿ ತೊಂದರೆಯ ಅನುಮಾನವಿರುವ ಎಲ್ಲ ಕ್ಷೇತ್ರಗಳಲ್ಲಿ ಪೂರ್ತಿ ಮೌಲ್ಯಮಾಪನ ಬೇಕು’ ಎಂಬ ಒಂದು ವಾಕ್ಯ; ಕಾಳಜಿಗೆ ಕಾರಣವಾದ ಎರಡು ಮೂರು ನಿರ್ದಿಷ್ಟ ಸಂಗತಿ; ತಾರೀಕು. ಪ್ರಿನ್ಸಿಪಾಲರಿಗೂ ಡೈರೆಕ್ಟರಿಗೂ ಒಟ್ಟಿಗೆ ಈಮೇಲ್ ಮಾಡಿ. ಕ್ಯಾಲಿಫೋರ್ನಿಯಾದಲ್ಲಿ 15 ದಿನದೊಳಗೆ ಅಸೆಸ್‌ಮೆಂಟ್ ಪ್ಲಾನ್ (ಯಾವ ಯಾವ ಪರೀಕ್ಷೆ ಮಾಡುತ್ತೇವೆಂದು ಬರೆದ ಕಾಗದ) ಕೈಗೆ ಬರಬೇಕು, ಅದಕ್ಕೆ ಸಹಿ ಹಾಕಿಕೊಟ್ಟ 60 ದಿನದೊಳಗೆ ಐಇಪಿ ಮೀಟಿಂಗ್. ಟೆಕ್ಸಸ್‌ನಲ್ಲಿ ಉತ್ತರಕ್ಕೆ ಶಾಲೆ ನಡೆಯುವ 15 ದಿನ, ಒಪ್ಪಿಗೆಯ ನಂತರ ರಿಪೋರ್ಟಿಗೆ ಶಾಲೆ ನಡೆಯುವ 45 ದಿನ. ನ್ಯೂಜೆರ್ಸಿಯಲ್ಲಿ 20 ದಿನದೊಳಗೆ ಮೊದಲ ಸಭೆ, ಒಪ್ಪಿಗೆಯಿಂದ 90 ದಿನದೊಳಗೆ ಪರೀಕ್ಷೆಯೂ ಮುಗಿದು ಅರ್ಹತೆ ಇದ್ದರೆ ಸೇವೆಯೂ ಶುರುವಾಗಬೇಕು. ರಾಜ್ಯಕ್ಕೆ ಬೇರೆ ನಿಯಮವಿಲ್ಲದ ಕಡೆ ಕೇಂದ್ರದ 60 ದಿನ. ದೊಡ್ಡ ರಜೆಗಳು ಈ ಲೆಕ್ಕವನ್ನು ಹಿಗ್ಗಿಸುತ್ತವೆ. ಏಪ್ರಿಲ್ ಕೊನೆಯಲ್ಲಿ ಕೊಟ್ಟ ಪತ್ರ ಎಷ್ಟೋ ಕಡೆ ಸೆಪ್ಟೆಂಬರ್‌ಗೆ ಹೋಗಿ ನಿಲ್ಲುತ್ತದೆ; ಮಾರ್ಚ್ ಮೊದಲ ವಾರದೊಳಗೆ ಕೊಟ್ಟರೆ ಆ ವರ್ಷವೇ ದಡ ಸೇರುವ ಸಾಧ್ಯತೆ ಹೆಚ್ಚು.

ಭಾರತದಿಂದ ತಂದ ರಿಪೋರ್ಟ್ ಉಪಯೋಗಕ್ಕೆ ಬರುತ್ತದೆಯೇ? ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯದ್ದೋ ಬೆಂಗಳೂರಿನ ನಿಮ್ಹಾನ್ಸ್‌ನದ್ದೋ ರಿಪೋರ್ಟ್ ಇದ್ದರೆ ಖಂಡಿತ ಕೊಡಿ. ಡಿಸ್ಟ್ರಿಕ್ಟ್ ಅದನ್ನು ಪರಿಗಣಿಸಬೇಕು, ಹಾಗೆಯೇ ಒಪ್ಪಿಬಿಡಬೇಕೆಂದೇನೂ ಇಲ್ಲ. ವೈದ್ಯರ ಡಯಾಗ್ನೋಸಿಸ್ ಒಂದು, ಕಾನೂನಿನ 13 ವರ್ಗಗಳಲ್ಲಿ ಅರ್ಹತೆ ಇನ್ನೊಂದು. ಮಗುವಿನ ಕಲಿಕೆಗೆ ಅದರಿಂದ ತೊಡಕಾಗಿದೆ, ವಿಶೇಷ ಬೋಧನೆ ಬೇಕು ಎಂಬುದೂ ಸಾಬೀತಾಗಬೇಕು. ಅಂಗವೈಕಲ್ಯದ ಯುಡಿಐಡಿ ಕಾರ್ಡಿಗೆ ಅಲ್ಲಿ ಬೆಲೆಯಿಲ್ಲ.

ಕನ್ನಡದ ಮಗುವನ್ನು ಅಳೆಯುವ ರೀತಿ

ಇದೊಂದು ಭಾಗವನ್ನು ನಮ್ಮವರು ಹತ್ತಿರದಿಂದ ನೋಡಬೇಕು. ಮಗುವಿಗೆ ಯಾವ ಭಾಷೆ ಚೆನ್ನಾಗಿ ಬರುತ್ತದೋ ಆ ಭಾಷೆಯಲ್ಲಿ ಪರೀಕ್ಷೆ ನಡೆಸಬೇಕು, ಅದು ಸಾಧ್ಯವೇ ಇಲ್ಲದಿದ್ದರೆ ಮಾತ್ರ ಬೇರೆ ದಾರಿ. ಇಂಗ್ಲಿಷ್ ಬಾರದಿರುವುದನ್ನೇ ಅಂಗವೈಕಲ್ಯವೆಂದು ಬರೆಯುವ ಹಾಗಿಲ್ಲ. ಕನ್ನಡ ಬಲ್ಲ ಸ್ಪೀಚ್ ಥೆರಪಿಸ್ಟ್ ಡಿಸ್ಟ್ರಿಕ್ಟ್‌ನಲ್ಲಿ ಇರುವುದು ಅಪರೂಪ. ಹಾಗಾಗಿ ಇಂಗ್ಲಿಷ್ ಮಾತ್ರ ಬಲ್ಲ ಮಕ್ಕಳ ಅಂಕಿಗಳ ಮೇಲೆ ಕಟ್ಟಿದ ಪರೀಕ್ಷೆಯನ್ನೇ ಕನ್ನಡದ ಮಗುವಿನ ಮುಂದಿಟ್ಟು ಅಂಕ ಹಾಕುವುದುಂಟು.

ಮನೆಯಲ್ಲಿ ‘ಬಸ್ಸು’, ‘ಕಾರು’, ‘ಬುಕ್ಕು’ ಎಂದು ಕೇಳಿ ಬೆಳೆದ ಮಗು ಶಾಲೆಯಲ್ಲೂ ‘ಬುಕ್ಕು’ ಎನ್ನುತ್ತದೆ. ಪರೀಕ್ಷಕರು ಕೊನೆಯಲ್ಲಿ ಸ್ವರ ಸೇರಿಸುವ ಉಚ್ಚಾರ ದೋಷ ಎಂದು ಗುರುತು ಹಾಕಿಕೊಳ್ಳುತ್ತಾರೆ. ‘ಎರಡು ಪುಸ್ತಕ’ ಎಂಬ ಅಭ್ಯಾಸದಿಂದ ಇಂಗ್ಲಿಷಿನ ಬಹುವಚನದ ‘ಎಸ್’ ಬಿಟ್ಟರೆ ವ್ಯಾಕರಣದಲ್ಲಿ ಒಂದಂಕ ಹೋಯಿತು. ‘ಎ’, ‘ದ’ ಎಂಬ ಪುಟ್ಟ ಪದಗಳಿಗೆ ಕನ್ನಡದಲ್ಲಿ ಸಾಟಿ ಇಲ್ಲ, ಅವೂ ಬಿಟ್ಟುಹೋಗುತ್ತವೆ. ‘ವಿ’ ಮತ್ತು ‘ಡಬ್ಲ್ಯೂ’ ನಮಗೆ ಒಂದೇ ‘ವ’. ಇವೆಲ್ಲ ಭಾಷೆಯಿಂದ ಭಾಷೆಗೆ ಇರುವ ವ್ಯತ್ಯಾಸ. ನಿಜವಾದ ತೊಂದರೆ ಇರುವ ಮಗುವಿಗೆ ಕನ್ನಡದಲ್ಲೂ ತೊಡಕು ಕಾಣುತ್ತದೆ: ಓರಗೆಯ ಮಕ್ಕಳು ನಾಲ್ಕು ಪದ ಕೂಡಿಸಿ ಹೇಳುವಾಗ ಇದು ಎರಡಕ್ಕೇ ನಿಲ್ಲುತ್ತದೆ, ಅಜ್ಜಿ ಕರೆದರೆ ತಿರುಗುವುದಿಲ್ಲ, ‘ಎಲ್ಲಿಗೆ ಹೋಗಿದ್ದೆ’ ಎಂದರೆ ‘ಹೋಗಿದ್ದೆ’ ಎಂದು ಮರಳಿ ಹೇಳುತ್ತದೆ. ಈ ವಿವರ ಪರೀಕ್ಷಕರಿಗೆ ಸಿಗುವುದು ಮನೆಯವರಿಂದ ಮಾತ್ರ. ಮಗು ಮನೆಯಲ್ಲಿ ಕನ್ನಡದಲ್ಲಿ ಆಡಿದ ಇಪ್ಪತ್ತು ಮಾತುಗಳನ್ನು ಹೇಗಿವೆಯೋ ಹಾಗೆ ಬರೆದು, ಪಕ್ಕದಲ್ಲಿ ಪದಕ್ಕೆ ಪದ ಅರ್ಥ ಬರೆದುಕೊಟ್ಟರೆ ಒಳ್ಳೆಯ ಥೆರಪಿಸ್ಟ್ ಅದನ್ನು ರಿಪೋರ್ಟಿನಲ್ಲಿ ಬಳಸಿಕೊಳ್ಳುತ್ತಾರೆ. ‘ಮನೆಯಲ್ಲಿ ಕನ್ನಡ ನಿಲ್ಲಿಸಿ’ ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಎರಡು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದೂ ಇಲ್ಲ, ಹೆಚ್ಚುವುದೂ ಇಲ್ಲ. ನಿಲ್ಲಿಸಿದರೆ ಅಜ್ಜಿ ತಾತನ ಜೊತೆಗಿನ ಮಾತು ಮಾತ್ರ ನಿಂತುಹೋಗುತ್ತದೆ.

ಸಭೆಗೆ ದುಭಾಷಿ ಬೇಕೆಂದರೆ ಡಿಸ್ಟ್ರಿಕ್ಟ್ ತನ್ನ ಖರ್ಚಿನಲ್ಲಿ ಒದಗಿಸಬೇಕು. ಫಾರ್ಮಿನಲ್ಲಿ ‘ಇಂಡಿಯನ್’ ಎಂದು ಬರೆದರೆ ಹಿಂದಿ ದುಭಾಷಿ ಬಂದು ಕೂರುವ ಸಂಭವವಿದೆ. ‘ಕನ್ನಡ’ ಎಂದೇ ಬರೆಯಿರಿ. ಹತ್ತು ದಿನ ಮೊದಲು ತಿಳಿಸಿದರೆ ಫೋನಿನ ಮೂಲಕವಾದರೂ ವ್ಯವಸ್ಥೆ ಆಗುತ್ತದೆ. ಇಂಗ್ಲಿಷ್ ಚೆನ್ನಾಗಿ ಬಲ್ಲ ಸಾಫ್ಟ್‌ವೇರ್ ದಂಪತಿಗಳೂ ಒಂದು ಜೋಡಿ ಪದದಲ್ಲಿ ಎಡವುತ್ತಾರೆ: ಅಕಾಮೊಡೇಶನ್ ಅಂದರೆ ಪಾಠ ಅದೇ, ಕಲಿಯುವ ರೀತಿಗೆ ಅನುಕೂಲ, ಮಾಡಿಫಿಕೇಶನ್ ಅಂದರೆ ಪಾಠವನ್ನೇ ಕಡಿಮೆ ಮಾಡುವುದು. ಎರಡನೆಯದು ಹೈಸ್ಕೂಲಿನಲ್ಲಿ ಡಿಪ್ಲೊಮಾಗೆ, ಅಂದರೆ ಹೈಸ್ಕೂಲ್ ಮುಗಿಸಿದ ಪ್ರಮಾಣಪತ್ರಕ್ಕೆ, ಅಡ್ಡ ಬರಬಹುದು. ಸಹಿ ಹಾಕುವ ಮುನ್ನ ಯಾವುದಕ್ಕೆ ಒಪ್ಪುತ್ತಿದ್ದೇವೆಂದು ಕೇಳಿಕೊಳ್ಳಿ.

ಸೇವೆಯ ಪುಟ: ನಿಮಿಷಗಳ ಲೆಕ್ಕ

ಐಇಪಿ ಮೂವತ್ತು ಪುಟ ಇರಬಹುದು. ಅದರಲ್ಲಿ ಮೊದಲು ತೆರೆಯಬೇಕಾದದ್ದು ಸೇವೆಗಳ ಪಟ್ಟಿ ಇರುವ ಪುಟ. ಉದಾಹರಣೆಗೆ ಅಲ್ಲಿ ಒಂದು ಸಾಲು: ಸ್ಪೀಚ್, 30 ನಿಮಿಷ, ವಾರಕ್ಕೆ 1 ಸಲ, ಗುಂಪಿನಲ್ಲಿ, ತರಗತಿಯ ಹೊರಗೆ. ಇದೇ ಸೇವೆಯನ್ನು ‘ವರ್ಷಕ್ಕೆ 1,080 ನಿಮಿಷ’ ಎಂದೂ ಬರೆಯಬಹುದು. 36 ವಾರಕ್ಕೆ ಲೆಕ್ಕ ಹಾಕಿದರೆ ಎರಡೂ ಒಂದೇ. ಕಾಗದದ ಮೇಲೆ ಮಾತ್ರ. ವರ್ಷದ ಲೆಕ್ಕದಲ್ಲಿ ಬರೆದಿದ್ದರೆ ಸೆಪ್ಟೆಂಬರ್, ಅಕ್ಟೋಬರ್ ಎರಡು ತಿಂಗಳು ಥೆರಪಿಸ್ಟ್ ಇಲ್ಲದೆ ಕಳೆದರೂ ಡಿಸ್ಟ್ರಿಕ್ಟ್ ತಪ್ಪು ಮಾಡಿದ ಹಾಗಾಗುವುದಿಲ್ಲ. ಮೇ ತಿಂಗಳಲ್ಲಿ ರಾಶಿ ಹಾಕಿ ತುಂಬಿಸಬಹುದು. ಮಾತು ಕಲಿಯುವ ಮಗುವಿಗೆ ಮೇ ತಿಂಗಳ ರಾಶಿಯಿಂದ ಏನೂ ಆಗದು. ವಾರದ ಲೆಕ್ಕವನ್ನೇ ಕೇಳಿ. ‘ವಾರಕ್ಕೆ ನಿಗದಿ ಮಾಡಲಾಗದು, ತಿಂಗಳಿಗೆ 120 ನಿಮಿಷ ಬರೆಯೋಣ’ ಎಂದರೆ ಒಪ್ಪಬಹುದಾದ ರಾಜಿ. ಗುಂಪು ಎಂದರೆ ಇಬ್ಬರೋ ಐವರೋ ಕೇಳಿ. ಐವರ ಗುಂಪಿನಲ್ಲಿ 30 ನಿಮಿಷ ಎಂದರೆ ಮಗುವಿನ ಬಾಯಿ ತೆರೆಯುವ ಸರದಿ ಆರು ನಿಮಿಷ. ‘ಕನ್ಸಲ್ಟ್’ ಎಂದು ಬರೆದಿದ್ದರೆ ಥೆರಪಿಸ್ಟ್ ಟೀಚರ್ ಜೊತೆ ಮಾತಾಡುತ್ತಾರೆ, ಮಗುವಿನ ಜೊತೆ ಕೂರುವುದಿಲ್ಲ. ಶುರು ಮತ್ತು ಕೊನೆಯ ತಾರೀಕೂ ನೋಡಿಕೊಳ್ಳಿ, ಬೇಸಿಗೆಯ ಸೇವೆ ಬೇರೆ ಸಾಲಿನಲ್ಲಿರುತ್ತದೆ.

ತಪ್ಪಿಹೋದ ಸೆಷನ್‌ಗಳೇ ಈ ಸೇವೆಯ ದೊಡ್ಡ ಸೋರಿಕೆ. ಥೆರಪಿಸ್ಟ್ ರಜೆ, ಹುದ್ದೆ ಖಾಲಿ, ಟೆಸ್ಟಿಂಗ್ ವಾರ, ಫೀಲ್ಡ್ ಟ್ರಿಪ್ ಎನ್ನುತ್ತಾ 36ರಲ್ಲಿ ಎಷ್ಟೋ ಹೋಗಿಬಿಡುತ್ತವೆ. ಮೂರು ತಿಂಗಳಿಗೊಮ್ಮೆ ಸರ್ವೀಸ್ ಲಾಗ್ (ಯಾವ ದಿನ ಎಷ್ಟು ಹೊತ್ತು ಸೇವೆ ಕೊಟ್ಟರೆಂಬ ದಾಖಲೆ) ಕೊಡಿ ಎಂದು ಬರೆದು ಕೇಳಿ. ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಯ್ಡ್‌ಗೆ ಬಿಲ್ ಮಾಡುವ ಡಿಸ್ಟ್ರಿಕ್ಟ್‌ಗಳಲ್ಲಿ ಅಂಥ ಲಾಗ್ ಇದ್ದೇ ಇರುತ್ತದೆ. ಡಿಸ್ಟ್ರಿಕ್ಟ್ ಕಡೆಯಿಂದ ತಪ್ಪಿದ್ದಕ್ಕೆ ತುಂಬಿಕೊಡುವ ಸೇವೆ ಕೇಳಬಹುದು. ಲಾಗ್ ಕೈಯಲ್ಲಿದ್ದರೆ ಡೈರೆಕ್ಟರ್ ಮಟ್ಟದಲ್ಲೇ ಇದು ಬಗೆಹರಿಯಲು ಅನುಕೂಲ.

ಗುರಿಗಳ ಪುಟದಲ್ಲಿ ‘ಓದು ಸುಧಾರಿಸುತ್ತದೆ’ ಎಂದಿದ್ದರೆ ಅಳಿಸಲು ಹೇಳಿ. ‘ಈಗ 2ನೇ ತರಗತಿಯ ಪಾಠವನ್ನು ನಿಮಿಷಕ್ಕೆ 42 ಪದ ತಪ್ಪಿಲ್ಲದೆ ಓದುತ್ತಾನೆ, ಮುಂದಿನ ಮೇ ಹೊತ್ತಿಗೆ ಅದೇ ಮಟ್ಟದ ಹೊಸ ಪಾಠವನ್ನು 75 ಪದದ ವೇಗದಲ್ಲಿ, ಸತತ 3 ವಾರ ಓದಬೇಕು’ ಎಂಬಂತಿರಬೇಕು. ಹೆಸರಿಗಷ್ಟು ಪ್ರಗತಿಯಾದರೆ ಸಾಲದು, ಆ ಮಗುವಿನ ಪರಿಸ್ಥಿತಿಗೆ ತಕ್ಕ ಪ್ರಗತಿಯಾಗುವಂತೆ ಐಇಪಿ ಇರಬೇಕು ಎಂದು ಡಗ್ಲಸ್ ಕೌಂಟಿ ಡಿಸ್ಟ್ರಿಕ್ಟ್ ವಿರುದ್ಧದ ಎಂಡ್ರೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಮೂರು ವರ್ಷದಿಂದ ಅದೇ ಗುರಿ ನಕಲಾಗಿ ಬರುತ್ತಿದ್ದರೆ ಈ ತೀರ್ಪನ್ನು ನೆನಪಿಸಿ.

‘ಇಲ್ಲ’ ಎಂದದ್ದನ್ನು ಬರೆಸಿಕೊಳ್ಳುವುದು

ತಂದೆತಾಯಿ ಕೇಳಿದ್ದನ್ನು ಡಿಸ್ಟ್ರಿಕ್ಟ್ ನಿರಾಕರಿಸಿದರೆ, ಏನನ್ನು ನಿರಾಕರಿಸಿದೆ, ಯಾಕೆ, ಯಾವ ಪರೀಕ್ಷೆ-ದಾಖಲೆಯ ಆಧಾರದ ಮೇಲೆ, ಬೇರೆ ಯಾವ ಆಯ್ಕೆ ನೋಡಿ ಬಿಟ್ಟಿತು ಎಂದು ಬರೆದುಕೊಡಬೇಕು. ಇದಕ್ಕೆ ಪ್ರಯರ್ ರಿಟನ್ ನೋಟಿಸ್ ಎಂದು ಹೆಸರು. ಇಡೀ ವ್ಯವಸ್ಥೆಯಲ್ಲಿ ಸಾಮಾನ್ಯ ಮನುಷ್ಯನ ಕೈಗೆ ಸಿಕ್ಕಿರುವ ಅತಿ ಬಲವಾದ ಕಾಗದ ಇದು, ಆದರೂ ಕೇಳುವವರು ಕಡಿಮೆ. ‘ಸರಿ, ಈ ನಿರಾಕರಣೆಗೆ ಪ್ರಯರ್ ರಿಟನ್ ನೋಟಿಸ್ ಕೊಡಿ’ ಎಂದು ಶಾಂತವಾಗಿ ಹೇಳಿದ ಮೇಲೆ, ‘ಇನ್ನೊಮ್ಮೆ ನೋಡೋಣ’ ಎಂಬ ಉತ್ತರ ಬರುವುದು ಅಪರೂಪವೇನಲ್ಲ. ಬರೆದು ಸಮರ್ಥಿಸಿಕೊಳ್ಳಲಾಗದ ‘ಇಲ್ಲ’ಗಳು ಅಲ್ಲೇ ಕರಗುತ್ತವೆ.

ಸಹಿಯ ನಿಯಮ ರಾಜ್ಯಕ್ಕೆ ತಕ್ಕಂತೆ ಬದಲು. ಕ್ಯಾಲಿಫೋರ್ನಿಯಾದಲ್ಲಿ ಒಪ್ಪಿದ ಭಾಗಕ್ಕೆ ಮಾತ್ರ ಸಹಿ ಹಾಕಿ, ಉಳಿದದ್ದಕ್ಕೆ ಒಪ್ಪಿಲ್ಲವೆಂದು ಬರೆಯಬಹುದು. ಒಪ್ಪಿದ ಸೇವೆ ಶುರುವಾಗುತ್ತದೆ. ನ್ಯೂಜೆರ್ಸಿಯಲ್ಲಿ ಹಾಗಲ್ಲ. ಮೊದಲ ಐಇಪಿಗೆ ಒಪ್ಪಿಗೆ ಬೇಕೇಬೇಕು. ಆಮೇಲಿನವಕ್ಕೆ ಸಹಿ ಹಾಕದೆ ಕೂತರೂ 15 ದಿನದೊಳಗೆ ಮೀಡಿಯೇಶನ್ (ಮಧ್ಯಸ್ಥರ ಮೂಲಕ ರಾಜಿ) ಅಥವಾ ಡ್ಯೂ ಪ್ರೋಸೆಸ್ (ವಿಚಾರಣೆ) ಕೇಳದಿದ್ದರೆ ಜಾರಿಗೆ ಬಂದುಬಿಡುತ್ತವೆ. ‘ಸಹಿ ಹಾಕಿಲ್ಲವಲ್ಲ, ಏನೂ ಆಗದು’ ಎಂದು ನಿಶ್ಚಿಂತೆಯಿಂದಿದ್ದವರು ಮೋಸ ಹೋಗುವುದು ಇಲ್ಲೇ.

ಡಿಸ್ಟ್ರಿಕ್ಟ್ ಮಾಡಿದ ಪರೀಕ್ಷೆಯೇ ಸರಿಯಿಲ್ಲ ಅನ್ನಿಸಿದರೆ, ಅದರ ಖರ್ಚಿನಲ್ಲೇ ಹೊರಗಿನ ತಜ್ಞರಿಂದ ಮೌಲ್ಯಮಾಪನ ಕೇಳಬಹುದು. ಆಗ ಆಫೀಸಿಗೆ ಎರಡೇ ದಾರಿ: ಒಪ್ಪುವುದು, ಇಲ್ಲವೇ ತನ್ನ ಪರೀಕ್ಷೆ ಸರಿ ಎಂದು ತಾನೇ ವಿಚಾರಣೆಗೆ ಹೋಗುವುದು. ನಿಯಮ ಮುರಿದದ್ದು ಸ್ಪಷ್ಟವಿದ್ದರೆ, ಉದಾಹರಣೆಗೆ ಬರೆದ ಸೇವೆ ಕೊಟ್ಟಿಲ್ಲ, ಗಡುವು ಮೀರಿದೆ ಎಂದಾದರೆ, ರಾಜ್ಯ ಇಲಾಖೆಗೆ ದೂರು ಕೊಡುವುದು ಒಳ್ಳೆಯದು. ವಕೀಲರು ಬೇಡ, ಫೀಸಿಲ್ಲ, ಘಟನೆ ನಡೆದ ಒಂದು ವರ್ಷದೊಳಗೆ ಕೊಡಬೇಕು, 60 ದಿನದಲ್ಲಿ ತೀರ್ಮಾನ ಬರಬೇಕು. ಡ್ಯೂ ಪ್ರೋಸೆಸ್ ಎಂಬ ವಿಚಾರಣೆ ಕೋರ್ಟಿನಂತೆ. ದುಡ್ಡು, ಸಮಯ, ನಿದ್ದೆ ಮೂರೂ ಹೋಗುತ್ತವೆ. ಪುರಾವೆಯ ಹೊರೆ ಕೇಳಿಕೊಂಡು ಹೋದವರ ಮೇಲೆಯೇ ಎಂದು 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನ್ಯೂಜೆರ್ಸಿ, ನ್ಯೂಯಾರ್ಕ್ ತಮ್ಮ ಕಾನೂನಿನಲ್ಲಿ ಆ ಹೊರೆಯನ್ನು ಸಾಮಾನ್ಯವಾಗಿ ಡಿಸ್ಟ್ರಿಕ್ಟ್ ಮೇಲೆ ಹಾಕಿವೆ. ಇದಕ್ಕೆಲ್ಲ ಮೊದಲು ರಾಜ್ಯದ ಪೇರೆಂಟ್ ಸೆಂಟರ್‌ಗೆ ಫೋನ್ ಮಾಡಿ. ಕೇಂದ್ರದ ನೆರವಿನಿಂದ ಪ್ರತಿ ರಾಜ್ಯದಲ್ಲೂ ಒಂದಾದರೂ ಇದೆ: ನ್ಯೂಜೆರ್ಸಿಯಲ್ಲಿ ಸ್ಪ್ಯಾನ್, ಟೆಕ್ಸಸ್‌ನಲ್ಲಿ ಪಾರ್ಟ್‌ನರ್ಸ್ ರಿಸೋರ್ಸ್ ನೆಟ್‌ವರ್ಕ್, ಸ್ಯಾನ್ ಹೋಸೆಯ ಕಡೆ ಪೇರೆಂಟ್ಸ್ ಹೆಲ್ಪಿಂಗ್ ಪೇರೆಂಟ್ಸ್. ಉಚಿತ ಸಲಹೆ ಕೊಡುತ್ತಾರೆ.

ಮನೆ ಹಿಡಿಯುವ ಮೊದಲು

ಪ್ರತಿ ರಾಜ್ಯವೂ ಡಿಸ್ಟ್ರಿಕ್ಟ್‌ವಾರು ಅಂಕಿ ಪ್ರಕಟಿಸುತ್ತದೆ. ಅದರಲ್ಲಿ ಮೂರು ಸಾಕು. ದಿನದ ಶೇ. 80ಕ್ಕಿಂತ ಹೆಚ್ಚು ಹೊತ್ತು ಸಾಮಾನ್ಯ ತರಗತಿಯಲ್ಲಿರುವ ಐಇಪಿ ಮಕ್ಕಳು ಎಷ್ಟು. ಮೊದಲ ಪರೀಕ್ಷೆ ಗಡುವಿನೊಳಗೆ ಮುಗಿದದ್ದು ಎಷ್ಟು, ಇದು ನೂರಕ್ಕೆ ನೂರು ಇರಬೇಕು. ಕಾನೂನು ಪಾಲನೆಯ ನಾಲ್ಕು ದರ್ಜೆಗಳಲ್ಲಿ ರಾಜ್ಯ ಆ ಡಿಸ್ಟ್ರಿಕ್ಟನ್ನು ಎಲ್ಲಿಟ್ಟಿದೆ. ಮೊದಲ ಅಂಕಿಯನ್ನು ಎಚ್ಚರದಿಂದ ಓದಿ. ಸಹಾಯಕರಿಲ್ಲದೆ ಸುಮ್ಮನೆ ಸಾಮಾನ್ಯ ತರಗತಿಗೆ ತಳ್ಳಿದರೂ ಅಂಕಿ ಏರುತ್ತದೆ.

ಸ್ಕೂಲ್ ಬೋರ್ಡ್ ಸಭೆಯ ಅಜೆಂಡಾ ಇನ್ನೂ ಚೆನ್ನಾದ ಕನ್ನಡಿ. ಸಾರ್ವಜನಿಕ ದಾಖಲೆ ಅದು. ಥೆರಪಿ ಏಜೆನ್ಸಿಗಳ ಕಾಂಟ್ರಾಕ್ಟ್ ಪ್ರತಿ ತಿಂಗಳೂ ಒಪ್ಪಿಗೆಗೆ ಬರುತ್ತಿದ್ದರೆ ಸ್ವಂತ ಥೆರಪಿಸ್ಟ್‌ಗಳು ಸಿಗುತ್ತಿಲ್ಲ ಎಂದು ಅರ್ಥ. ಅಂಥ ಕಡೆ ಸ್ಪೀಚ್ ವಿಡಿಯೋ ಕಾಲ್‌ನಲ್ಲಿ ನಡೆಯುವ ಸಾಧ್ಯತೆ ಹೆಚ್ಚು. ವಿಶೇಷ ಶಿಕ್ಷಣದ ರಾಜಿ ಒಪ್ಪಂದಗಳು ಸಾಲುಗಟ್ಟಿದ್ದರೆ ಜಗಳಗಳೂ ಅಷ್ಟಿವೆ.

ಆಮೇಲೆ ಆಫೀಸಿಗೆ ಫೋನ್. ಡೈರೆಕ್ಟರ್ ಎಷ್ಟು ವರ್ಷದಿಂದ ಇದ್ದಾರೆ? ನಮ್ಮ ಮಗುವಿನಂಥವರ ತರಗತಿ ಹತ್ತಿರದ ಶಾಲೆಯಲ್ಲೇ ಇದೆಯೇ, ಬಸ್ಸಿನಲ್ಲಿ ಹೋಗಬೇಕೇ, ಎಷ್ಟು ಹೊತ್ತು? ಒಬ್ಬ ಸ್ಪೀಚ್ ಥೆರಪಿಸ್ಟ್ ಕೈಯಲ್ಲಿ ಎಷ್ಟು ಮಕ್ಕಳಿದ್ದಾರೆ? ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ಸ್ಪೀಚ್‌ಗೆ ಸರಾಸರಿ 55, 3ರಿಂದ 5 ವರ್ಷದವರಿಗಾದರೆ 40, ಐಇಪಿ ಮಕ್ಕಳಿಗೆ ದಿನದ ಸ್ವಲ್ಪ ಹೊತ್ತು ವಿಶೇಷವಾಗಿ ಕಲಿಸುವ ರಿಸೋರ್ಸ್ ಟೀಚರಿಗೆ 28 ಮಕ್ಕಳ ಮಿತಿ ಇದೆ. ಇಂಥ ಮಿತಿ ಇಲ್ಲದ ರಾಜ್ಯಗಳಲ್ಲಿ 70 ಎಂದು ಉತ್ತರ ಬಂದರೆ ವಾರದ 30 ನಿಮಿಷ ಹೇಗೆ ಹೊಂದುತ್ತದೆಂದು ಲೆಕ್ಕ ಹಾಕಿ ನೋಡಿ. ಈ ಪ್ರಶ್ನೆಗಳಿಗೆ ಬೇಸರಿಸದೆ, ಅಂಕಿ ಸಮೇತ ಉತ್ತರಿಸುವ ಆಫೀಸು ಮುಂದೆಯೂ ಕೈಬಿಡುವುದು ಕಡಿಮೆ.

ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವವರು ಸಹಿಯಾದ ಐಇಪಿ, ಕೊನೆಯ ಪರೀಕ್ಷೆಯ ರಿಪೋರ್ಟ್, ಪ್ರಗತಿ ವರದಿ, ಸರ್ವೀಸ್ ಲಾಗ್ ನಾಲ್ಕನ್ನೂ ಪಿಡಿಎಫ್ ಮಾಡಿ ಕೈಯಲ್ಲೇ ಇಟ್ಟುಕೊಳ್ಳಿ. ಹಳೆಯ ಶಾಲೆ ಕಳಿಸುತ್ತದೆಂದು ನೆಚ್ಚಿ ಕೂರಬೇಡಿ. ಹೊಸ ಡಿಸ್ಟ್ರಿಕ್ಟ್ ತನ್ನದೇ ಪರೀಕ್ಷೆ ಮಾಡುತ್ತೇನೆ ಎನ್ನಬಹುದು, ಅಲ್ಲಿಯವರೆಗೆ ಹಳೆಯದಕ್ಕೆ ಸಮನಾದ ಸೇವೆ ಕೊಡಲೇಬೇಕು. ದಾಖಲಾತಿ ದಿನ ಶಾಲೆಯ ಗುಮಾಸ್ತರ ಕೈಗೆ ಕೊಟ್ಟ ಕಾಗದ ಫೈಲಿನೊಳಗೆ ಹೋಗಿ ಕೂರುವುದೇ ಹೆಚ್ಚು. ಅದೇ ದಿನ ಸ್ಪೆಷಲ್ ಎಜುಕೇಶನ್ ಆಫೀಸಿಗೂ ನೇರವಾಗಿ ಕಳಿಸಿ. ಬೇಸಿಗೆಯಲ್ಲಿ ಶಾಲೆ ಮುಚ್ಚಿದ್ದರೂ ಡಿಸ್ಟ್ರಿಕ್ಟ್ ಆಫೀಸು ತೆರೆದಿರುತ್ತದೆ. ಶಾಲೆ ಶುರುವಾಗುವ ದಿನಕ್ಕೆ ಐಇಪಿ ಜಾರಿಯಲ್ಲಿರಬೇಕು ಎಂಬ ನಿಯಮವಿರುವುದರಿಂದ, ಬಸ್ಸು ಮತ್ತು ಸಹಾಯಕರ ವ್ಯವಸ್ಥೆಯ ಬಗ್ಗೆ ಜುಲೈ ಕೊನೆಯ ವಾರದೊಳಗೇ ಬರೆದು ಕೇಳಿ. ಟೆಕ್ಸಸ್‌ನಲ್ಲಾದರೆ ಇನ್ನೂ ಎರಡು ವಾರ ಮೊದಲು, ಅಲ್ಲಿ ಆಗಸ್ಟ್ ಮಧ್ಯಕ್ಕೇ ತರಗತಿ ಶುರು.